ಬಚ್ಚಲಲ್ಲಿ ತೊಳೆದ ಮೀನು

ಆ ಭಾನುವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬಾಗಿಲು ತೆಗೆದು ಕೈ ಚಾಚಿದರೆ ಮೊಣಕೈವರೆಗೆ ನಮ್ಮದು, ಅದರಾಚೆಯದು ದೇವರದು. ಹಾಲಿನವನ ಸೈಕಲ್ಲಿನ ಗಂಟೆ ಬೀದಿಯುದ್ದಕ್ಕೂ ಕೇಳಿಸಿತು, ಸೈಕಲ್ಲು ಮಾತ್ರ ಕೊನೆತನಕ ಕಾಣಲಿಲ್ಲ. ಇಂಥ ಬೆಳಗಿನಲ್ಲಿ ಜಾಣರು ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು ಇನ್ನೊಂದು ಮಗ್ಗುಲಾಗುತ್ತಾರೆ. ಬೀಗ ರಿಪೇರಿಯ ಮೊಳಣ್ಣ ಆ ಕಂಬಳಿಯನ್ನೇ ಎಳೆದುಕೊಂಡು ಹೋಗಿ ಬಚ್ಚಲುಮನೆಯ ಬಾಗಿಲಿನ ಸಂದಿಗೆ ತುರುಕುತ್ತಿದ್ದ.

"ನಾನಿನ್ನೂ ಅದರೊಳಗೇ ಇದ್ದೆ," ಅಂದಳು ಹೆಂಡತಿ, ನಡುಗುತ್ತ ಹಿಂದೆಯೇ ಬಂದು.

"ಬೆಳಕು ಬರಬಾರದು ಕಣೇ. ಸೂಜಿಮೊನೆಯಷ್ಟು ಬಂದರೂ ಇಪ್ಪತ್ತೆರಡು ವರ್ಷ ನೀರುಪಾಲು."

"ನೀರುಪಾಲಾಗಿದ್ದು ಮೀನು. ಅದಾಗಿಯೇ ಇಪ್ಪತ್ತೆರಡು ವರ್ಷ ಆಯ್ತು," ಅಂದು ಅವಳು ಒಲೆಯ ಹತ್ತಿರ ಹೋಗಿ ನಿಂತಳು.

ಮೊಳಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಅವನ ತಮ್ಮ, ಅಂಚೆ ಹಂಚುವವನು, ಬೀದಿಯ ಬಾಯಲ್ಲಿ ಗೇಣಣ್ಣ. ಒಂದೇ ತಾಯಿಯ ಮಕ್ಕಳು ಒಬ್ಬ ಮೊಳವೂ ಇನ್ನೊಬ್ಬ ಗೇಣೂ ಆದದ್ದು ಹೇಗೆ ಅನ್ನುವುದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಅವರಪ್ಪನಿಗೆ ಗಂಡುಮಕ್ಕಳು ಎರಡು, ಚಾಕು ಒಂದು. ಕೊಂಬಿನ ಹಿಡಿಯ ಮಡಚುವ ಚಾಕು. ಅವರಿಗೆ ಅವರಪ್ಪ ಕೊಟ್ಟದ್ದು. ಒಂದು ರಜೆಯ ದಿನ ಮನೆಮಂದಿಯೆಲ್ಲ ಹೊಳೆದಂಡೆಗೆ ಹೋಗಿದ್ದಾಗ ಅಪ್ಪ ಆ ಚಾಕುವನ್ನು ಎತ್ತಿ ತೋರಿಸಿ, "ಇದನ್ನ ಎರಡು ಹೋಳು ಮಾಡಿ ಹಂಚಕ್ಕಾಗಲ್ಲ. ಇವತ್ತು ದೊಡ್ಡ ಮೀನು ಹಿಡಿದವನಿಗೆ ಇದು," ಅಂದರು. ನಲವತ್ತರ ಅಂಚಿನ ಇಬ್ಬರು ಗಂಡಸರು ಪ್ಯಾಂಟು ಮಡಿಸಿಕೊಂಡು ಮಕ್ಕಳಿಗಿಂತ ಮುಂದಾಗಿ ಓಡಿದರು. ತಮ್ಮನ ಗಾಳಕ್ಕೆ ಒಂದು ಗೇಣು ನಾಲ್ಕು ಬೆರಳಿನ ಮೀನು ಬಿತ್ತು. ಎಲ್ಲರೂ ನೋಡಿದರು, ಎಲ್ಲರೂ ತಿಂದರು. ಅಣ್ಣನೋ ಹೊಳೆಯ ತಿರುವಿನಾಚೆ ಹೋಗಿದ್ದ. ಜೊತೆಗಿದ್ದವಳು ಅಪ್ಪನ ಡಬ್ಬಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡಿದ್ದ ಹೆಂಡತಿ ಒಬ್ಬಳೇ. ಅವನಿಗೂ ಮೀನು ಸಿಕ್ಕಿತು, ಅವಳು ಫೋಟೋವನ್ನೂ ತೆಗೆದಳು. ಆಮೇಲೆ ಅದು ಕೈಯಿಂದ ಜಾರಿ ಬಂದ ದಾರಿಯಲ್ಲೇ ಹೊರಟುಹೋಯಿತು. ಅವನು ಬರಿಗೈಯಲ್ಲಿ ವಾಪಸು ಬಂದು ಬೆರಳತುದಿಯಿಂದ ಮೊಣಕೈವರೆಗೆ ತೋರಿಸಿ, "ಇಷ್ಟಿತ್ತು," ಅಂದ.

"ಇಷ್ಟು," ಅಂದ ತಮ್ಮ, ಹೆಬ್ಬೆರಳು ಕಿರುಬೆರಳು ಅಗಲಿಸಿ.

"ನೀನು ನೋಡಿದ್ಯಾ?"

"ನಿನ್ನ ಮೂವತ್ತೈದು ವರ್ಷದಿಂದ ನೋಡ್ತಿದೀನಿ."

ಹೆಂಡತಿಯನ್ನು ಕೇಳಿದರೆ, "ನಾನು ನೋಡಿದ್ದು ಕ್ಯಾಮೆರಾದ ಪುಟ್ಟ ಕಿಟಕಿಯಲ್ಲಿ. ಅದರಲ್ಲಿ ಇವರೇ ಬೆರಳುದ್ದ ಕಾಣ್ತಿದ್ರು. ಮೀನಿನ ಸುದ್ದಿ ನನ್ನ ಕೇಳಬೇಡಿ," ಅಂದಳು. ಅಪ್ಪ ಹಿರಿಮಗನ ಮಾತಿಗೆ ಬೆಲೆ ಕೊಟ್ಟು ಚಾಕು ಅವನ ಕೈಗಿಟ್ಟರು. ಅದೇ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಎರಡು ಚಿತ್ರ ಬಾಕಿ ಇದ್ದ ರೀಲಿನ ಸಮೇತ ಕ್ಯಾಮೆರಾ ಪೆಟ್ಟಿಗೆ ಸೇರಿತು, ಪೆಟ್ಟಿಗೆಯ ಕೀಲಿ ಕಳೆದುಹೋಯಿತು. ಊರಿನ ಬೀಗಗಳನ್ನೆಲ್ಲ ತೆಗೆಯುವವನ ಮನೆಯಲ್ಲಿ ಆ ಒಂದು ಬೀಗ ಇಪ್ಪತ್ತೆರಡು ವರ್ಷ ಹಾಗೇ ಕೂತಿತ್ತು. "ನಾಳೆ ತೆಗೀತೀನಿ" ಅನ್ನುವುದು ಮೊಳಣ್ಣನ ಮನೆಯಲ್ಲಿ ಗಾದೆಯಾಗಿ ಹೋಗಿತ್ತು.

ಆ ಭಾನುವಾರಕ್ಕೆ ಒಂದು ವಾರ ಮುಂಚೆ ಅಮ್ಮ ಹಳೆಯ ಶಾಲು ಬೇಕೆಂದು ಹಟ ಹಿಡಿದಾಗ ಬೀಗ ತೆರೆಯಿತು. ಶಾಲಿನ ಮಡಿಕೆಯೊಳಗೆ ಕ್ಯಾಮೆರಾ ಇತ್ತು. ಮೊಳಣ್ಣ ಅದನ್ನು ಎದೆಗೊತ್ತಿಕೊಂಡು ಎರಡು ಬೀದಿ ಆಚೆ ಇರುವ ತಮ್ಮನ ಮನೆಗೆ ಓಡಿದ. ಅರವತ್ತು ದಾಟಿದ ಮೇಲೆ ಅವನು ಓಡಿದ್ದು ಅದೇ ಮೊದಲು.

"ಸಾಕ್ಷಿ ಇದೆ!" ಎಂದ ಬಾಗಿಲಲ್ಲೇ.

"ತೊಳೆಸು ನೋಡೋಣ. ಆದ್ರೆ ನಾನಿಲ್ದೆ ತೊಳೆಯೋ ಹಾಗಿಲ್ಲ," ಅಂದ ಗೇಣಣ್ಣ.

ಅಂಥ ರೀಲು ತೊಳೆಯುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಸ್ಟುಡಿಯೋ ಮುಚ್ಚಿ ಮನೆಯಲ್ಲಿ ಕೂತಿದ್ದ ಮುದುಕರೊಬ್ಬರು, ಸಿಕ್ಕಿಕೊಂಡಿದ್ದ ಅವರ ಮೇಜಿನ ಖಾನೆಯನ್ನು ಮೊಳಣ್ಣ ತೆಗೆದುಕೊಟ್ಟದ್ದಕ್ಕೆ ಪ್ರತಿಯಾಗಿ, ಎರಡು ಪೊಟ್ಟಣ ಪುಡಿ ಕೊಟ್ಟರು. "ಮೊದಲನೇ ಪುಡಿ ಮಲಗಿರೋ ಚಿತ್ರಾನ ಎಬ್ಬಿಸುತ್ತೆ. ಎರಡನೇದು ಎದ್ದದ್ದನ್ನ ಕೂರಿಸುತ್ತೆ. ಎಬ್ಬಿಸೋದು ಹತ್ತು ನಿಮಿಷ, ಗಟ್ಟಿ ಕತ್ತಲೇಲಿ. ಕಮ್ಮಿ ಆದ್ರೆ ಕಾಣಲ್ಲ, ಜಾಸ್ತಿ ಆದ್ರೆ ಮಸಿ. ರೀಲಿನ ಎರಡೂ ತುದಿ ಹಿಡಿದು ಬೋಗುಣಿಯ ನೀರಲ್ಲಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಎಳೀತಾ ಇರಬೇಕು, ನಿಲ್ಲಿಸಬಾರದು."

"ಒಬ್ಬನೇ ಮಾಡಬಹುದಾ?"

"ಎರಡು ಕೈ ಇದ್ರೆ ಸಾಕಲ್ಲಪ್ಪ."

ಆದರೆ ಈ ಮನೆಯಲ್ಲಿ ಎರಡು ಕೈ ಸಾಲುವಂತಿರಲಿಲ್ಲ. ಎರಡೂ ಅಣ್ಣನವೇ ಆದರೆ ತಮ್ಮ ಒಪ್ಪುತ್ತಿರಲಿಲ್ಲ. ಕೊನೆಗೆ ಒಂದು ತುದಿ ಅಣ್ಣನದು, ಇನ್ನೊಂದು ತಮ್ಮನದು ಎಂದು ತೀರ್ಮಾನವಾಯಿತು.

ಉಳಿದದ್ದು ಹೊತ್ತಿನ ಲೆಕ್ಕ. ಕತ್ತಲಲ್ಲಿ ಗಡಿಯಾರ ಕಾಣುವುದಿಲ್ಲ. "ನಾನು ಹೊರಗೆ ನಿಂತು ಹತ್ತು ನಿಮಿಷಕ್ಕೆ ಕೂಗ್ತೀನಿ," ಅಂದಳು ಹೆಂಡತಿ.

"ತಪ್ಪು ತಿಳೀಬೇಡಿ ಅತ್ತಿಗೆ, ನೀವು ಅಣ್ಣನ ಕಡೆ," ಅಂದ ಗೇಣಣ್ಣ.

"ಇವರ ಕಡೆ ಯಾವತ್ತಿದ್ದೆ ನಾನು?" ಅಂದಳು ಅವಳು ನಿಜಕ್ಕೂ ಬೆರಗಾಗಿ.

ಗೇಣಣ್ಣನ ಕೈಗಡಿಯಾರವನ್ನು ಕಿವಿಗಿಟ್ಟುಕೊಂಡು ಎಣಿಸೋಣವೆಂದರೆ, ತಡವಾಗಬಾರದೆಂದು ಅದನ್ನು ಹತ್ತು ನಿಮಿಷ ಮುಂದಿಟ್ಟುಕೊಂಡು ಓಡಾಡುವವನನ್ನು ಮೊಳಣ್ಣ ಹೇಗೆ ನಂಬುತ್ತಾನೆ? ಇಬ್ಬರೂ ನಂಬುವ ಗಡಿಯಾರ ಇಡೀ ಮನೆಯಲ್ಲಿ ಒಂದೇ ಇತ್ತು. ಅದು ಅಮ್ಮನ ಪ್ರಾರ್ಥನೆ.

ಅಮ್ಮನಿಗೆ ಎಂಬತ್ತನಾಲ್ಕು. ಕಿವಿ ಮಂದವಾದ್ದರಿಂದ ದೇವರಿಗೂ ಹಾಗೇ ಇರಬಹುದೆಂದು ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದಳು. ದಿನಾ ಬೆಳಿಗ್ಗೆ ಅದೇ ಮಣೆ, ಅದೇ ಮಾತು, ಅದೇ ಸರದಿ. ಮೊದಲು ಗಂಡ, ಆಮೇಲೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ನೆರೆಯವರು, ಕೊನೆಗೆ "ಯಾರದ್ದು ಯಾರಿಗೆ ಸೇರಬೇಕೋ ಸೇರಿಸು. ಇಷ್ಟೇ ತಂದೆ." ಅವಳು ಶುರುಮಾಡಿದಾಗ ಮೊಟ್ಟೆ ಬೇಯಲಿಟ್ಟರೆ "ಇಷ್ಟೇ ತಂದೆ" ಅನ್ನುವಾಗ ಹದವಾಗಿ ಬೆಂದಿರುತ್ತಿತ್ತು. ಅಣ್ಣತಮ್ಮಂದಿರು ಮೂರು ಬೆಳಿಗ್ಗೆ ಎದುರಿಗೆ ಕೂತು ಪರೀಕ್ಷೆ ಮಾಡಿದರು. ಮೂರು ದಿನವೂ ಸರಿಯಾಗಿ ಹತ್ತು ನಿಮಿಷ. ದೇವರ ಮುಂದೆ ಅಮ್ಮ ಯಾರ ಕಡೆಯೂ ಅಲ್ಲ. ಕೈಗೆ ಕೈ ತಟ್ಟಿ ಒಪ್ಪಂದವಾಯಿತು. ಅಮ್ಮ ಶುರುಮಾಡಿದಾಗ ರೀಲು ಬೋಗುಣಿಗೆ, "ಇಷ್ಟೇ ತಂದೆ" ಅಂದಾಗ ಹೊರಕ್ಕೆ. ಅದಕ್ಕೆ ಮುಂಚೆ ತೆಗೆದವನು ಸೋತ ಹಾಗೆ.

ಈ ಒಪ್ಪಂದದಲ್ಲಿ ಇಬ್ಬರೂ ಒಂದೇ ಒಂದನ್ನು ಮರೆತಿದ್ದರು. ಪರೀಕ್ಷೆಯ ಮೂರು ದಿನ ಅಮ್ಮನಿಗೆ ಹೊಸದಾಗಿ ಹೇಳಿಕೊಳ್ಳುವುದೇನೂ ಇರಲಿಲ್ಲ.

ಹೀಗೆ ಆ ಮಂಜಿನ ಬೆಳಿಗ್ಗೆ ಇಬ್ಬರೂ ಬಚ್ಚಲುಮನೆಯೊಳಗೆ ಸೇರಿಕೊಂಡರು. ಕಿಟಕಿಗೆ ರಟ್ಟು, ಸಂದಿಗೆ ಕಂಬಳಿ. ನೆಲದ ಮೇಲೆ ಹಿಟ್ಟು ಕಲಸುವ ಮೂರು ಬೋಗುಣಿ: ಎಬ್ಬಿಸುವ ನೀರು, ಬರೀ ನೀರು, ಕೂರಿಸುವ ನೀರು. ಮೊಳಣ್ಣ ಮಗುಚಿಟ್ಟ ಬಕೆಟ್ಟಿನ ಮೇಲೆ, ಗೇಣಣ್ಣ ಬಟ್ಟೆ ಒಗೆಯುವ ಸ್ಟೂಲಿನ ಮೇಲೆ. ದೀಪ ಆರಿತು. ಮೊಳಣ್ಣ ಕ್ಯಾಮೆರಾ ತೆರೆದು ರೀಲಿನ ಬೆನ್ನಿನ ಕಾಗದ ಬಿಚ್ಚುತ್ತ ಹೋದ. ಇಪ್ಪತ್ತೆರಡು ವರ್ಷ ಸುತ್ತಿಕೊಂಡೇ ಮಲಗಿದ್ದ ಫಿಲಂ ಅವನ ಬೆರಳಿನಿಂದ ಚಿಮ್ಮಿ, ಸುರುಳಿಯಾಗಿ, ಪಟ್ಟೆಂದು ಎಲ್ಲೋ ಬಿತ್ತು.

"ಏನದು ಸದ್ದು?"

"ಏನಿಲ್ಲ."

"ಜಾರ್ತಾ?"

"…ಹೂಂ."

"ಇದೂ ಜಾರ್ತಾ!" ಕತ್ತಲಲ್ಲಿ ಗೇಣಣ್ಣನ ನಗು ಗೋಡೆಯಿಂದ ಗೋಡೆಗೆ ಹೊಡೆಯಿತು. "ಎಷ್ಟುದ್ದ ಇತ್ತು ಅಣ್ಣ, ಮೊಳಾನಾ?"

"ಹುಡುಕೋ ಮುಚ್ಕೊಂಡು."

ಇಬ್ಬರೂ ಮಂಡಿಯೂರಿ ನೆಲ ತಡವಿದರು. ಒಮ್ಮೆ ತಲೆಗೆ ತಲೆ ಢಿಕ್ಕಿಯಾಯಿತು. ಮೊಳಣ್ಣ ಸೋಪನ್ನು ಹಿಡಿದ, ತಮ್ಮನ ಕಾಲು ಹಿಡಿದ. ಗೇಣಣ್ಣ ಫಿಲಂ ಹಿಡಿದ. "ನಾನು ಹಿಡಿದದ್ದು ಜಾರಲ್ಲ," ಎಂದು ಒಂದು ತುದಿಯನ್ನು ಅಣ್ಣನ ಕೈಗೆ ಮುಟ್ಟಿಸಿದ.

"ಅಮ್ಮಾ, ಶುರುಮಾಡು!" ಎಂದು ಮೊಳಣ್ಣ ಕೂಗಿದ.

ಹೊರಗೆ ಮಣೆ ಸರಿದ ಸದ್ದು. ಗಂಟಲು ಸರಿಮಾಡಿಕೊಂಡ ಸದ್ದು. "ತಂದೇ…"

ರೀಲು ನೀರಿಗಿಳಿಯಿತು. ಅಣ್ಣ ಎತ್ತಿದಾಗ ತಮ್ಮ ಇಳಿಸಿದ, ತಮ್ಮ ಎತ್ತಿದಾಗ ಅಣ್ಣ ಇಳಿಸಿದ. ಎಳವೆಯಲ್ಲಿ ಒಂದೇ ಹಲಗೆಯ ಎರಡು ತುದಿಗೆ ಕೂತು ಏರಿಳಿದವರು ಈಗ ಎರಡು ಮೊಳಕ್ಕೆ ಚೂರು ಕಡಿಮೆ ಉದ್ದದ ಒಂದು ಫಿಲಮ್ಮಿನ ಎರಡು ತುದಿಗಿದ್ದರು. ಕತ್ತಲು ದೊಡ್ಡ ಸಂಧಾನಕಾರ. ಮುಖ ಕಾಣದಿದ್ದರೆ ಅರ್ಧ ಜಗಳಕ್ಕೆ ಕೆಲಸವೇ ಇರುವುದಿಲ್ಲ.

"ಅಣ್ಣ," ಅಂದ ಗೇಣಣ್ಣ ಸ್ವಲ್ಪ ಹೊತ್ತಿನ ಮೇಲೆ, ಪಿಸುದನಿಯಲ್ಲಿ. "ಯಾರೂ ಕೇಳಿಸ್ಕೊಳಲ್ಲ. ನಿಜ ಹೇಳು."

"ಮೊಳ."

"ಸರಿ. ನಾನು ಗೇಣಿಗೆ ಒಂದು ಬೆರಳು ಸೇರಿಸ್ತೀನಿ."

ಮೊಳಣ್ಣ ಎರಡು ಸಲ ಎತ್ತಿ ಇಳಿಸಿದ. "ಮೊಳಕ್ಕೆ ಎರಡು ಬೆರಳು ಕಮ್ಮಿ ಇದ್ದಿರಬಹುದು. ಬಾಲ ಮಡಚ್ಕೊಂಡಿತ್ತು."

"ಗೇಣಿಗೆ ಎರಡು ಬೆರಳು ಜಾಸ್ತಿ."

"ಒಂದೂವರೆ ಗೇಣು. ಅದಕ್ಕಿಂತ ಇಳಿಯಲ್ಲ ನಾನು."

"ಸಂತೇಲಿ ಮೀನು ಮಾರೋರೂ ಇಷ್ಟು ಚೌಕಾಸಿ ಮಾಡಲ್ಲ ಮಾರಾಯ," ಅಂದ ಗೇಣಣ್ಣ. ಅವನ ದನಿಯಲ್ಲಿ ಬಿಸಿ ಇರಲಿಲ್ಲ. ಒಂದೂವರೆ ಗೇಣೆಂದರೂ ತನ್ನ ಮೀನಿಗಿಂತ ಎರಡು ಬೆರಳು ಹೆಚ್ಚು, ಚಾಕು ಅಣ್ಣನದೇ ಎಂದು ಅವನೂ ಲೆಕ್ಕ ಹಾಕಿದ್ದಿರಬೇಕು. ತನ್ನ ತುದಿಯನ್ನು ಎತ್ತಿದ, ಇಳಿಸಿದ.

ಆಗ ಹೊರಗೆ ಅಮ್ಮ ಮಕ್ಕಳ ಸರದಿಗೆ ಬಂದಳು.

"ನನ್ನ ಇಬ್ಬರು ಗಂಡುಮಕ್ಕಳನ್ನ ಚೆನ್ನಾಗಿಡು ತಂದೆ." ಇಷ್ಟಕ್ಕೆ ಸೊಸೆಯಂದಿರ ಕಡೆ ಹೋಗಬೇಕಿತ್ತು. ಹೋಗಲಿಲ್ಲ. "ಇವತ್ತು ನಿನಗೊಂದು ಖುಷಿ ಸುದ್ದಿ ಹೇಳಬೇಕು. ಇಬ್ಬರೂ ಬಚ್ಚಲಲ್ಲಿ ಒಟ್ಟಿಗೆ ಕೂತಿದ್ದಾರೆ. ಇಬ್ಬರನ್ನೂ ಒಂದೇ ಬಚ್ಚಲಲ್ಲಿ ಕೂರಿಸಿ ಎಷ್ಟು ವರ್ಷ ಆಗಿತ್ತು! ಚಿಕ್ಕವನು ಸೋಪು ತಿಂದಿದ್ದ, ನೆನಪಿದೆಯಾ ನಿನಗೆ?"

"ಅಮ್ಮಾ…" ಎಂದು ನರಳಿದ ಗೇಣಣ್ಣ.

"ಶ್ಶ್! ಪ್ರಾರ್ಥನೆ ನಡೀತಿದೆ," ಅಂದ ಮೊಳಣ್ಣ. ಪ್ರಾರ್ಥನೆಯ ನಡುವೆ ಬಾಯಿ ಹಾಕಬಾರದೆಂಬುದು ಅಪ್ಪನ ಕಾಲದ ಕಟ್ಟಳೆ. ಬೆಂಕಿ ಬಿದ್ದರೂ "ಇಷ್ಟೇ ತಂದೆ" ಆದ ಮೇಲೇ ನೀರು ತರಬೇಕು.

ಅಮ್ಮ ದೇವರಿಗೆ ಸೋಪಿನ ಕಥೆ ಪೂರ್ತಿ ಹೇಳಿದಳು. ದೊಡ್ಡವನು ಮೂರನೇ ವಯಸ್ಸಿಗೇ ಬಾಗಿಲ ಅಗುಳಿ ತೆಗೆದು ಬೀದಿಗೆ ಹೋದದ್ದು ಹೇಳಿದಳು. ಬೀಗಗಳಿಗಾಗಿ ಕೇಳಿಕೊಂಡಳು, ಅಂಚೆಯ ಸೈಕಲ್ಲಿನ ಹಿಂದಿನ ಚಕ್ರಕ್ಕಾಗಿ, ಅದು ಪದೇಪದೇ ಗಾಳಿ ಬಿಡುತ್ತದೆಂದು, ಬೇರೆಯಾಗಿ ಕೇಳಿಕೊಂಡಳು.

"ಎಷ್ಟು ಹೊತ್ತಾಯ್ತು?" ಮೊಳಣ್ಣನ ತೋಳು ನಡುಗತೊಡಗಿತ್ತು.

"ಹತ್ತಂತೂ ಆಗಿದೆ. ಇನ್ನೂ ಸೊಸೆಯಂದಿರೇ ಬಂದಿಲ್ಲ."

"ತೆಗೆದುಬಿಡೋಣ ಕಣೋ, ಮಸಿ ಆಗುತ್ತೆ!"

"ತೆಗಿ. ಸೋತೆ ಅಂತ ಬರ್ಕೊಡು."

"ನೀನೇ ತೆಗಿ!"

"ನಾನ್ಯಾಕೆ?"

ಇಬ್ಬರೂ ತೆಗೆಯಲಿಲ್ಲ. ಎತ್ತಿದರು, ಇಳಿಸಿದರು. ಹೊರಗೆ ಸೊಸೆಯಂದಿರಾದರು, ಮೊಮ್ಮಕ್ಕಳಾದರು, ನೆರೆಯವರು ಒಂದೊಂದೇ ಬಾಗಿಲಾಗಿ ಬಂದರು. ಕೊನೆಗೆ, ಇನ್ನೇನು ಮುಗಿಯಿತು ಅನ್ನುವಾಗ, ಅಮ್ಮನ ದನಿ ಮೆತ್ತಗಾಯಿತು.

"ಆ ಮೀನೂ ನಿನ್ನ ಮಗುವೇ ಅಲ್ವಾ ತಂದೆ. ಅದು ಎಲ್ಲಿದ್ದರೂ ಚೆನ್ನಾಗಿರಲಿ. ಅದಕ್ಕೂ ಮಕ್ಕಳುಮರಿ ಆಗಿರಬೇಕು. ಯಾರಿಗೂ ಸಿಗದೆ ಇರಲಿ. ಇವರಿಬ್ಬರಿಗಂತೂ ಸಿಗದೇ ಇರಲಿ. ಯಾರದ್ದು ಯಾರಿಗೆ ಸೇರಬೇಕೋ ಸೇರಿಸು…"

ಇಬ್ಬರೂ ಉಸಿರು ಬಿಗಿಹಿಡಿದರು.

"…ಆಮೇಲೆ ಹಾಲಿನವನು, ಪಾಪ, ಈ ಮಂಜಲ್ಲಿ…"

"ಅಯ್ಯೋ ದೇವರೇ!" ಎಂದರು ಇಬ್ಬರೂ ಒಟ್ಟಿಗೆ. ಬಹುಶಃ ಆ ಮನೆಯಲ್ಲಿ ಅವತ್ತು ಹೊರಟ ಅತ್ಯಂತ ಪ್ರಾಮಾಣಿಕ ಪ್ರಾರ್ಥನೆ ಅದೇ.

"ಇಷ್ಟೇ ತಂದೆ" ಬಂದಾಗ ಇಪ್ಪತ್ತಾರು ನಿಮಿಷವಾಗಿತ್ತು. ಅಷ್ಟೂ ಹೊತ್ತು ಒಲೆಯ ಮೇಲಿದ್ದ ಮೊಟ್ಟೆಗಳನ್ನು ಆಮೇಲೆ ಹೆಂಡತಿ ಗೋಡೆಗೆ ಎಸೆದು ತೋರಿಸಿದಳು, ಅವು ಒಡೆಯಲಿಲ್ಲ.

ಬರೀ ನೀರು, ಕೂರಿಸುವ ನೀರು, ಆಮೇಲೆ ನಲ್ಲಿಯ ಕೆಳಗೆ ಅರ್ಧ ಗಂಟೆ. ಬಟ್ಟೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ರೀಲು ಮಸಿ ಹಿಡಿದ ಲಾಟೀನಿನ ಗಾಜಿನಂತಿತ್ತು. ಒಣಗಿದ ಮೇಲೆ ಎಲ್ಲರೂ ಕಿಟಕಿಯ ಹತ್ತಿರ ಸೇರಿದರು. ಹೊರಗಿನ ಮಂಜು ಇನ್ನೂ ಬೂದುಬಣ್ಣದ್ದೇ ಆಗಿದ್ದರಿಂದ ಕಂಡದ್ದು ಅಷ್ಟಕ್ಕಷ್ಟೆ.

ಮೊದಲನೆಯ ಚಿತ್ರದಲ್ಲಿ ಅಮ್ಮ. ಮುಖ ಕಪ್ಪು, ಕೂದಲು ಬೆಳ್ಳಗೆ.

"ಆಗಲೇ ನಂಗೆ ಇಷ್ಟು ನರೆತಿತ್ತಾ?"

"ಇಲ್ಲಮ್ಮ, ಇದರಲ್ಲಿ ಎಲ್ಲಾ ಅದಲುಬದಲು. ಕಪ್ಪಿದ್ದದ್ದು ಬಿಳಿ ಕಾಣುತ್ತೆ," ಎಂದು ಮೊಳಣ್ಣ ಗಟ್ಟಿಯಾಗಿ ವಿವರಿಸಿದ.

"ಅಂದ್ರೆ ನಾವೆಲ್ಲ ಈಗ ಹೇಗಿದೀವೋ ಹಾಗೆ," ಅಂದಳು ಅಮ್ಮ. ಎರಡನೆಯದರಲ್ಲಿ ಅಪ್ಪ ಇದ್ದರು. ಆ ಹೊತ್ತಿಗೇ ಪೂರ್ತಿ ನರೆತಿದ್ದ ಅವರ ತಲೆ ಇದರಲ್ಲಿ ಕಪ್ಪಗೆ, ದಟ್ಟವಾಗಿ, ಮದುವೆ ಗಂಡಿನ ಹಾಗಿತ್ತು. ಅಮ್ಮ ಬಹಳ ಹೊತ್ತು ನೋಡಿದಳು. "ಅಲ್ಲಿ ಹೀಗಿದ್ದಾರೆ ಅಂತಾಯ್ತು. ನಾನು ಹೋದಾಗ ನನ್ನ ಗುರುತು ಹಿಡೀತಾರೋ ಇಲ್ವೋ," ಅಂದು ನಕ್ಕಳು.

ಆರನೆಯದು ಮೀನು. ಅಥವಾ ಮೀನಿರಬೇಕಾದ ಜಾಗ.

"ಏನೋ ಕಪ್ಪಗಿದೆ," ಅಂದ ಗೇಣಣ್ಣ ಕಣ್ಣು ಕಿರಿದು ಮಾಡಿ. "ಮೀನೂ ಇರಬಹುದು, ನಿನ್ನ ಚಪ್ಪಲೀನೂ ಇರಬಹುದು. ಹೋಗ್ಲಿ ಬಿಡಣ್ಣ, ನಿಂದೇ ಇರಲಿ." ಅತ್ತಿಗೆ ಕೊಟ್ಟ ಮೊಟ್ಟೆಯನ್ನು ಕಚ್ಚಲು ನೋಡಿ, ಸೋತು, ಜೇಬಿಗೆ ಹಾಕಿಕೊಂಡು ಮನೆಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಮಂಜು ಹರಿದು ಬಿಸಿಲು ಬಿತ್ತು. ಮೊಳಣ್ಣ ಊಟಕ್ಕೆ ಕೂರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಳಗೆ ಹೋಗಿ, ಕೀಲಿಯ ಹಲ್ಲು ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಆರನೆಯ ಚಿತ್ರವನ್ನು ಬಿಸಿಲಿಗೆ ಹಿಡಿದ.

ಬಿಸಿಲು ಮಸಿಯನ್ನೂ ತೂರಿಕೊಂಡು ಬಂತು. ಒಂದು ಕೈಯಲ್ಲಿ ಮೀನು, ಬಾಲ ನೆಟ್ಟಗೆ ಕೆಳಗೆ, ಮಡಚಿಕೊಂಡೇನೂ ಇರಲಿಲ್ಲ. ಇನ್ನೊಂದು ಕೈಯಲ್ಲಿ, ಪಕ್ಕದಲ್ಲೇ, ಎರೆಹುಳ ಹಾಕಿಕೊಂಡಿದ್ದ ಉದ್ದನೆಯ ಬಿಸ್ಕತ್ತಿನ ಡಬ್ಬಿ. ಡಬ್ಬಿ ಅಲ್ಲಿರುವುದು ಅವನಿಗೆ ನೆನಪೇ ಇರಲಿಲ್ಲ. ಅವನು ಕೈವಾರ ತೆಗೆದು ಚಿತ್ರದ ಡಬ್ಬಿ ಅಳೆದ, ಮೀನು ಅಳೆದ. ಮೀನೆಂದರೆ ಡಬ್ಬಿಯ ಉದ್ದ, ಅದರ ಮೇಲೆ ಐದರಲ್ಲೊಂದು ಪಾಲು. ಆ ಡಬ್ಬಿ ಈಗಲೂ ಅವನ ತಲೆಯ ಮೇಲಿನ ಹಲಗೆಯಲ್ಲೇ ಇತ್ತು, ಹಳೆಯ ಕೀಲಿಗಳನ್ನು ತುಂಬಿಕೊಂಡು. ಇಳಿಸಿ ಬೆರಳಿಟ್ಟು ಅಳೆದ: ಹತ್ತು ಬೆರಳು. ಅದರ ಐದರಲ್ಲೊಂದು ಪಾಲು, ಎರಡು. ಒಟ್ಟು ಹನ್ನೆರಡು.

ಆ ಹನ್ನೆರಡು ಬೆರಳಿನ ಉದ್ದಕ್ಕೆ ಹೆಬ್ಬೆರಳು ಕಿರುಬೆರಳು ಅಗಲಿಸಿ ಇಟ್ಟು ನೋಡಿದ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಒಂದು ಗೇಣು.

ಅವನು ಸುಳ್ಳು ಹೇಳಿದವನಲ್ಲ. ಕೈಯಲ್ಲಿದ್ದಾಗ ಅದು ಗೇಣೇ ಇದ್ದಿರಬೇಕು. ಜಾರಿ ನೀರಿಗೆ ಬಿದ್ದ ಕ್ಷಣದಿಂದ, ಅವನು ಹೊಳೆಯ ತಿರುವು ದಾಟಿ ಬರುವುದರೊಳಗೆ, ಬೆಳೆದುಬಿಟ್ಟಿತ್ತು. ಆಮೇಲೆ ಇಪ್ಪತ್ತೆರಡು ವರ್ಷ ಅದಕ್ಕೆ ಅವನೇ ಮೇವು ಹಾಕಿದ್ದ. ಕೈ ಬಿಟ್ಟು ಹೋದದ್ದೆಲ್ಲ ಮನುಷ್ಯನಿಗೆ ಮೊಳವೇ. ಅಳತೆಯ ಕೋಲು ಹಿಡಿದು ಕೂತವನು ಬೇರೊಬ್ಬನಿದ್ದಾನೆ, ಅವನು ಅವಸರ ಮಾಡುವುದಿಲ್ಲ.

ಇದನ್ನು ಕಂಡವನು ತಾನೊಬ್ಬನೇ. ತಮ್ಮ ಕೈಬಿಟ್ಟಾಗಿದೆ, ಮನೆಯವರು ನಕ್ಕಾಗಿದೆ, ಮಸಿಯ ಮೇಲೆ ಹೊಣೆ ಹಾಕಿ ಸುಮ್ಮನಿದ್ದರೆ ಸಾಯುವತನಕ ಮೊಳಣ್ಣನಾಗಿಯೇ ಇರಬಹುದು. ಮೊಳಣ್ಣ ಖಾನೆ ಎಳೆದು ಚಾಕು ತೆಗೆದ. ಕೊಂಬಿನ ಹಿಡಿಯಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ತಗ್ಗು ಇತ್ತು. ಅದರೊಳಗೆ ತನ್ನ ಹೆಬ್ಬೆರಳಿಟ್ಟು ನೋಡಿದ. ಇಷ್ಟು ವರ್ಷವೂ ಅದು ಸರಿಯಾಗಿ ಕೂತಿರಲಿಲ್ಲ. ತನ್ನ ಬೆರಳು ದಪ್ಪ ಅಂದುಕೊಂಡಿದ್ದ.

"ಊಟಕ್ಕೆ ಬರ್ತೀರೋ, ಇಲ್ಲಾ ಇನ್ನೊಂದು ರೀಲು ತೊಳೀತೀರೋ?" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

"ಖಾಕಿ ಕಾಗದ ಇದೆಯೇನೇ? ದಾರಾನೂ ಬೇಕು."

ಸೋಮವಾರ ಬೆಳಿಗ್ಗೆ ಗೇಣಣ್ಣ ಎಂದಿನಂತೆ ಬಂದು ಸೈಕಲ್ಲಿನ ಮೇಲೆ ಕೂತೇ, ಒಂದು ಕಾಲು ಮೆಟ್ಟಿಲಿಗೆ ಊರಿ, ವಿದ್ಯುತ್ ಬಿಲ್ಲು ಚಾಚಿದ. "ಏನು ಮೊಳಣ್ಣ, ತೋಳು ನೋವಾ? ನಂಗಂತೂ ಬಾಚಣಿಗೆ ಎತ್ತಕ್ಕಾಗಲ್ಲ. ಆ ಮೊಟ್ಟೇನ ನಾಯಿಗೆ ಹಾಕಿದೆ, ಅದು ಹೂತಿಟ್ಟಿತು."

ಮೊಳಣ್ಣ ನಗಲಿಲ್ಲ. ದಾರ ಕಟ್ಟಿದ ಒಂದು ಖಾಕಿ ಪೊಟ್ಟಣ ಮುಂದೆ ಹಿಡಿದ. "ಇದೊಂದು ತಲುಪಿಸಬೇಕಿತ್ತು. ತಡ ಆಗಿದೆ."

ಗೇಣಣ್ಣ ಅಭ್ಯಾಸದಂತೆ ತೆಗೆದುಕೊಂಡು, ಅಭ್ಯಾಸದಂತೆ ವಿಳಾಸ ಓದಿದ. ಅದು ಎರಡು ಬೀದಿ ಆಚೆಯ ಅವನದೇ ಮನೆಯ ವಿಳಾಸ. ಪೊಟ್ಟಣವನ್ನು ಅಂಗೈಯಲ್ಲಿ ಒಮ್ಮೆ ತೂಗಿದ, ಕಾಗದದ ಮೇಲಿನಿಂದಲೇ ಬೆರಳಾಡಿಸಿದ. ಹೆಬ್ಬೆರಳು ಒಂದು ಕಡೆ ಬಂದು ನಿಂತಿತು, ಅಲ್ಲೇ ತಗ್ಗಿಗೆ ಕೂತುಕೊಂಡಿತು. ತಲೆಯೆತ್ತಿ ಅಣ್ಣನನ್ನು ನೋಡಿದ.

ಮೊಳಣ್ಣ ಬಲಗೈ ಎತ್ತಿ, ಬೀದಿಯಲ್ಲಿ ಯಾರಿಗೂ ಕಾಣದ ಹಾಗೆ ಎದೆಯ ಹತ್ತಿರವೇ ಹಿಡಿದು, ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸಿದ.

ಗೇಣಣ್ಣ ಪೊಟ್ಟಣವನ್ನು ಅಂಚೆಯ ಚೀಲಕ್ಕೆ ಹಾಕಲಿಲ್ಲ. ಅಂಗಿಯ ಒಳಜೇಬಿಗೆ ಇಳಿಸಿ, ಗುಂಡಿ ಹಾಕಿದ.